ಟೆರೇಸಿನ ಮೀನು, ಟೆರೇಸಿನ ಹಪ್ಪಳ: ಕಾರವಾರದ ಒಂದು ಕಟ್ಟಡದ ಪ್ರಕರಣ

ಇದು ಕೆಲವು ವರ್ಷಗಳ ಹಿಂದೆ ಕಾರವಾರದ ಒಂದು ವಸತಿ ಕಟ್ಟಡದಲ್ಲಿ ನಡೆದದ್ದು. ಆಗ ಅಲ್ಲಿಯ ನಿವಾಸಿಗಳ ಸಂಘಕ್ಕೆ ನಾನೇ ಕಾರ್ಯದರ್ಶಿ. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತನಾದವನು, ಬಿಡುವಿದೆ, ಅಕ್ಷರ ದುಂಡಗಿದೆ ಎಂದು ಆ ಕೆಲಸ ನನ್ನ ಕೊರಳಿಗೆ ಕಟ್ಟಿದ್ದರು. ಯಾರ ಗುರುತೂ ಸಿಗಬಾರದೆಂದು ಮಹಡಿ, ಮನೆಗಳ ಲೆಕ್ಕ, ಕೆಲವರ ಊರು ಮತ್ತು ಉದ್ಯೋಗ ಬದಲಿಸಿದ್ದೇನೆ. ನಾನು ಮಾಡಿದ ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ಕಟ್ಟಡ ಮತ್ತು ಅದರ ಜನ

4 ಮಹಡಿ, 16 ಮನೆ. ಪಡುವಣಕ್ಕೆ ಎರಡು ಬೀದಿ ದಾಟಿದರೆ ಕಡಲು. ನಾನು ಹುಡುಗನಾಗಿದ್ದಾಗಿನ ಕಾರವಾರದಲ್ಲಿ ಇಂಥ ಕಟ್ಟಡ ಇರುವುದು ಸಾಧ್ಯವೇ ಇರಲಿಲ್ಲ. ಆಗ ಯಾವ ಕೇರಿಯಲ್ಲಿ ಯಾರಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿದ್ದ ಊರು. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಹಳೆಯ ಕಾಗದಪತ್ರಗಳಲ್ಲಿ ಮರಾಠಿ, ಇದು ನಮಗೆ ಹೊಸತೇನಲ್ಲ. ಆದರೆ ಒಂದೇ ಮೆಟ್ಟಿಲು ಹತ್ತಿಳಿಯುವುದು ಹೊಸತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು, 2000ದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ಬಂದವು, 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಬಾಡಿಗೆ ಮನೆ ಹುಡುಕುವವರು ಬಂದರು, ಕಟ್ಟಡಗಳು ಎದ್ದವು.

ಈ ಪ್ರಕರಣಕ್ಕೆ ಬೇಕಾದವರು ನಾಲ್ಕೇ ಮನೆಯವರು. ಮೂರನೆಯ ಮಹಡಿಯಲ್ಲಿ ಒಂದು ಮೀನುಗಾರ ಕುಟುಂಬ. ನೌಕಾನೆಲೆಯ ಸೀಬರ್ಡ್ ಯೋಜನೆಗೆ ದಂಡೆಯ ಮನೆ ಬಿಟ್ಟುಕೊಟ್ಟವರು, ಆಮೇಲೆ ದೋಣಿಯ ದುಡಿಮೆಯಿಂದ ಈ ಮನೆ ಕೊಂಡವರು. ಮನೆಯ ಯಜಮಾನಿಯನ್ನು ಎಲ್ಲರೂ ಕರೆಯುತ್ತಿದ್ದುದು ಬಾಯಿ ಎಂದೇ. ನಾನೂ ಹಾಗೇ ಕರೆಯುತ್ತೇನೆ. ಅದೇ ಮಹಡಿಯಲ್ಲಿ ಎದುರು ಬಾಗಿಲಿನ ಮನೆ ಶಿರಸಿ ಕಡೆಯ ಒಬ್ಬ ಹವ್ಯಕ ಬ್ರಾಹ್ಮಣ ಅಮ್ಮನದು. ವಯಸ್ಸು 78. ಮಗ ಬೆಂಗಳೂರಿನಲ್ಲಿ. ಘಟ್ಟದ ಮೇಲಿನ ಮಳೆಗೆ ಮಂಡಿ ನೋವು ತಡೆಯುವುದಿಲ್ಲವೆಂದು ಇಲ್ಲಿಗೆ ಬಂದವರು. ಇಲ್ಲಿಯೂ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಎಂದು ಯಾರೂ ಹೇಳಿರಲಿಲ್ಲವೋ ಏನೋ. ನಾಲ್ಕನೆಯ ಮಹಡಿಯಲ್ಲಿ, ಟೆರೇಸಿಗೆ ತಾಗಿ, ನೌಕಾನೆಲೆಯ ಕೆಲಸಕ್ಕೆ ಬಂದ ಬಂಗಾಳದ ಎಳೆಯ ದಂಪತಿ, ಬಾಡಿಗೆಗೆ. ಮೊದಲನೆಯ ಮಹಡಿಯಲ್ಲಿ ಭಟ್ಕಳದ ನವಾಯತ ಮುಸ್ಲಿಂ ಕುಟುಂಬ.

ಈ ಕರಾವಳಿಯ ಏಪ್ರಿಲ್, ಮೇ ತಿಂಗಳು ಗೊತ್ತಿಲ್ಲದವರಿಗೆ ಮುಂದಿನದು ಅರ್ಥವಾಗುವುದು ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ದಿನಗಳಿಗೆಂದು ಬಂಗಡೆ, ಶೆಟ್ಲಿ (ಸಿಗಡಿ) ಉಪ್ಪು ಹಾಕಿ ಒಣಗಿಸಿ ಡಬ್ಬ ತುಂಬುವುದು ಬಾಯಿಯ ಕುಟುಂಬದ ತಲೆಮಾರುಗಳ ಕೆಲಸ. ಅದೇ ಬಿಸಿಲಿಗೆ ಕಾದು ಕೂತವರು ನಮ್ಮ ಅಮ್ಮ: ಹಲಸಿನ ಹಪ್ಪಳ, ಬಾಳೆಕಾಯಿ ಸಂಡಿಗೆ, ಮಜ್ಜಿಗೆ ಮೆಣಸು. ಇಬ್ಬರದೂ ಮಳೆಗಾಲದ ತಯಾರಿ. ಮೊದಲು ಇಬ್ಬರಿಗೂ ಅಂಗಳವಿತ್ತು, ಒಬ್ಬರಿಗೆ ಮರಳಿನದು, ಇನ್ನೊಬ್ಬರಿಗೆ ಸಗಣಿ ಸಾರಿಸಿ ಅಡಿಕೆ ಹರವಿದ್ದು. ಈಗ ಇಬ್ಬರಿಗೂ ಸೇರಿ ಒಂದೇ ಟೆರೇಸು.

ದೂರು, ನೋಟೀಸು

ಏಪ್ರಿಲ್ ಕೊನೆಯ ಒಂದು ಸಂಜೆ ನಾಲ್ಕನೆಯ ಮಹಡಿಯ ಹುಡುಗ ನನ್ನನ್ನು ಗೇಟಿನ ಬಳಿ ನಿಲ್ಲಿಸಿ ಹಿಂದಿಯಲ್ಲಿ ಎರಡೇ ಮಾತು ಹೇಳಿದ. ಮೇಲಿನಿಂದ ವಾಸನೆ ಬರುತ್ತದೆ, ಹೆಂಡತಿಗೆ ತುಂಬ ಕಷ್ಟವಾಗುತ್ತಿದೆ, ಏನಾದರೂ ಮಾಡಿ, ನಮ್ಮ ಹೆಸರು ಮಾತ್ರ ಬೇಡ. ಬಂಗಾಳಿಗಳು, ಮೀನು ತಿನ್ನುವವರು, ಇವರಿಗೇನು ಕಷ್ಟ ಎಂದು ಒಂದು ಕ್ಷಣ ಅನ್ನಿಸಿತು. ಕೇಳಲಿಲ್ಲ. ಅಲ್ಲಿ ಕೇಳಬೇಕಿತ್ತು.

ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡು ಬರೆದೆ: ‘ಟೆರೇಸಿನ ಮೇಲೆ ಮಾಂಸಾಹಾರಿ ಪದಾರ್ಥಗಳನ್ನು ಒಣಗಿಸುವುದನ್ನು ನಿಷೇಧಿಸಲಾಗಿದೆ. ಶುಚಿತ್ವ ಕಾಪಾಡಿ. ಸಹಕರಿಸಿ.’ ಲಿಫ್ಟಿನ ಪಕ್ಕ ಅಂಟಿಸಿದೆ, ವಾಟ್ಸ್ಯಾಪ್ ಗ್ರೂಪಿಗೂ ಹಾಕಿದೆ.

ನಾನೂ ಮೀನು ತಿನ್ನುವವನೇ. ನನ್ನ ಮನೆಯಲ್ಲಿ ಬುಧವಾರ, ಶುಕ್ರವಾರ, ಭಾನುವಾರ ಮೀನಿಲ್ಲದೆ ಊಟವಿಲ್ಲ. ಆದರೂ ಕೈಗೆ ಬಂದ ಭಾಷೆ ಅದು. ‘ವಾಸನೆ’ ಎಂದ ದೂರನ್ನು ನಾನು ‘ಮಾಂಸಾಹಾರ’ ಮಾಡಿದೆ, ಅದಕ್ಕೆ ‘ಶುಚಿತ್ವ’ವನ್ನು ಬೇರೆ ಅಂಟಿಸಿದೆ. ಸರಕಾರಿ ಶಾಲೆಯ ಗೋಡೆಗಳ ಮೇಲೆ ನೂರು ಸಲ ಬರೆಸಿದ ಶಬ್ದ, ಅಭ್ಯಾಸದಿಂದ ಬಂತು. ಗಾಳಿಯ ವಿಷಯವೊಂದು ಹೀಗೆ ನನ್ನ ದುಂಡಗಿನ ಅಕ್ಷರದಲ್ಲಿ ಜಾತಿಯ ವಿಷಯವಾಯಿತು.

ಅರ್ಧ ಗಂಟೆಯಲ್ಲಿ ಬೆಂಗಳೂರಿನಿಂದ ಅಮ್ಮನ ಮಗ ಗ್ರೂಪಿನಲ್ಲಿ ಉತ್ತರಿಸಿದರು: ಒಳ್ಳೆಯ ನಿರ್ಧಾರ, ಎಂದೋ ಆಗಬೇಕಿತ್ತು, ಲಿಫ್ಟಿನಲ್ಲಿ ಮೀನು ಒಯ್ಯುವುದನ್ನೂ ನಿಲ್ಲಿಸಿ. ಇಷ್ಟು ಸಾಕಾಯಿತು. ದೂರು ಕೊಟ್ಟವರು ಎದುರು ಬಾಗಿಲಿನವರೇ ಎಂದು ಇಡೀ ಕಟ್ಟಡ ತೀರ್ಮಾನಿಸಿತು.

ಮರುದಿನ ಬೆಳಿಗ್ಗೆ ಬಾಯಿ ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು ಕೊಂಕಣಿಯಲ್ಲಿ ಕೇಳಿದಳು: “ಮಾಸ್ತರೆ, ಶುಚಿ ಅಂದರೆ ಏನು? ನಾನು ಮೀನು ಮೂರು ನೀರಿನಲ್ಲಿ ತೊಳೀತೇನೆ. ಒಣಗಿಸಿದ ಮೇಲೆ ಟೆರೇಸಿಗೆ ನಾಲ್ಕು ಬಕೆಟ್ ನೀರು ಹಾಕಿ ತಿಕ್ತೇನೆ. ನಿಮ್ಮ ಮನೆಗೆ ಕೊಟ್ಟ ಒಣ ಶೆಟ್ಲಿಯಲ್ಲಿ ಹೊಲಸಿತ್ತಾ?” ಕಳೆದ ಮಳೆಗಾಲದಲ್ಲಿ ಅವಳು ಕೊಟ್ಟ ಶೆಟ್ಲಿಯ ಚಟ್ನಿ ನಾನು ಎರಡು ತಿಂಗಳು ಉಂಡಿದ್ದೆ. ಉತ್ತರ ಬರಲಿಲ್ಲ.

ಸಂಜೆ ಮೊದಲ ಮಹಡಿಯ ನವಾಯತ ಹಿರಿಯರು ಸಿಕ್ಕರು. ಬಹಳ ಮೃದು ಮಾತಿನವರು. ಮಗಳ ಮದುವೆಯಲ್ಲಿ ನಮ್ಮಂಥ ಅತಿಥಿಗಳಿಗೆಂದು ಬೇರೆ ಅಡುಗೆಯವರನ್ನು ಕರೆಸಿ, ಬೇರೆ ಪಾತ್ರೆಯಲ್ಲಿ ಸಸ್ಯಾಹಾರಿ ಊಟ ಮಾಡಿಸಿ, ಅದನ್ನು ಬಡಿಸುವವರೂ ಬೇರೆಯೇ ಇರುವಂತೆ ನೋಡಿಕೊಂಡವರು. “ಮಾಸ್ತರೆ, ಮುಂದಿನ ನೋಟೀಸು ನಮಗೋ?” ಎಂದು ನಕ್ಕರು. ಆ ನಗು ನನಗೆ ಬಾಯಿಯ ಸಿಟ್ಟಿಗಿಂತ ಹೆಚ್ಚು ತಾಗಿತು.

ಮೊದಲ ಪ್ರಯತ್ನ: ಎಲ್ಲರಿಗೂ ಒಂದೇ ನಿಯಮ

ಸಂಘದ ಸಭೆ ಕರೆದೆವು. ಒಬ್ಬರು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ತಂದು ಟೆರೇಸು ಎಲ್ಲ ಮಾಲೀಕರ ಸಾಮಾನ್ಯ ಜಾಗ ಎಂದು ಓದಿದರು. ಸರಿ, ಅದರಲ್ಲಿ ಸಂಶಯವಿರಲಿಲ್ಲ. ಆದರೆ ಟೆರೇಸಿನ ಮೇಲೆ ಬೀಸುವ ಗಾಳಿ ಯಾರ ಪಾಲಿನದು ಎಂದು ಕಾಯ್ದೆ ಹೇಳುವುದಿಲ್ಲ. ಮತಕ್ಕೆ ಹಾಕೋಣ ಎಂದರು ಇನ್ನೊಬ್ಬರು. ಅದೊಂದನ್ನು ಮಾತ್ರ ನಾನು ಗಟ್ಟಿಯಾಗಿ ತಡೆದೆ. 16 ಮನೆಗಳಲ್ಲಿ ಮೀನು ಒಣಗಿಸುವುದು ಒಂದೇ ಮನೆ. ಮತ ಎಣಿಸಿದರೆ ಯಾರ ಪದ್ಧತಿ ಉಳಿಯುತ್ತದೆ ಎನ್ನುವುದು ಮೊದಲೇ ಗೊತ್ತಿದ್ದ ಫಲಿತಾಂಶ.

ಹಾಗಾದರೆ ಭೇದವೇ ಬೇಡ, ಯಾರೂ ಏನನ್ನೂ ಒಣಗಿಸುವಂತಿಲ್ಲ ಎಂಬ ಸಲಹೆ ಬಂತು. ಬಹಳ ನ್ಯಾಯವಾಗಿ ಕೇಳಿಸಿತು. ನಾನೂ ತಲೆದೂಗಿದೆ. ಹಳೆಯ ನೋಟೀಸು ಕಿತ್ತು ಹೊಸದು ಹಚ್ಚಿದೆ: ‘ಯಾವುದೇ ಆಹಾರ ಪದಾರ್ಥ ಒಣಗಿಸಬಾರದು.’

ಹತ್ತು ದಿನದಲ್ಲಿ ಅದರ ಬಣ್ಣ ಬಯಲಾಯಿತು. ಬಾಯಿ ಮೀನಿನ ಬುಟ್ಟಿ ಹೊತ್ತು ಆಟೋ ಹಿಡಿದು ಬೈತಖೋಲದಲ್ಲಿದ್ದ ನಾದಿನಿಯ ಮನೆಗೆ ಓಡಾಡತೊಡಗಿದಳು. ಇತ್ತ ಅಮ್ಮ ಬಾಲ್ಕನಿಯಲ್ಲಿ ಹಪ್ಪಳ ಹರವಿದರು. ಅಲ್ಲಿ ಬಿಸಿಲು ಬೀಳುವುದು ಎರಡು ಗಂಟೆ. ಕಡಲ ತೇವಕ್ಕೆ ನಾಲ್ಕನೆಯ ದಿನ ಹಪ್ಪಳದ ಅಂಚಿಗೆ ಹಸಿರು ಬೂಷ್ಟು ಹಿಡಿಯಿತು. ಹಲಸಿನ ತೊಳೆ ಬಿಡಿಸಿ, ಬೇಯಿಸಿ, ಒರಳಿನಲ್ಲಿ ಕುಟ್ಟಿ, ಬಾಳೆಲೆಯ ಮೇಲೆ ಒಂದೊಂದಾಗಿ ತಟ್ಟಿದ್ದು, ಮಂಡಿ ನೋವಿನ ಹೆಂಗಸು, ಒಬ್ಬರೇ. ನಾನು ಹೋದಾಗ ಅವರು ಅದನ್ನೆಲ್ಲ ಒಂದು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು.

ಎಲ್ಲರಿಗೂ ಒಂದೇ ನಿಯಮ ಎಂದೆವಲ್ಲ, ಅದರ ಬೆಲೆ ತೆತ್ತವರು ಇಬ್ಬರೇ. ಉಳಿದ 14 ಮನೆಯವರು ಹಪ್ಪಳವನ್ನೂ ಒಣಮೀನನ್ನೂ ಅಂಗಡಿಯಿಂದ ತರುವವರು. ಬಿಟ್ಟುಕೊಡಲು ಅವರಲ್ಲಿ ಏನೂ ಇರಲಿಲ್ಲ.

ತಿರುವು

“ನಾನು ಎಂತದ್ದೂ ಹೇಳಲಿಲ್ಲ ಮಾರಾಯ್ರೆ,” ಎಂದರು ಅಮ್ಮ, ಪೇಪರು ಸುತ್ತುತ್ತಲೇ. “ವಾಸನೆ ಎಂತ ಮಾಡ್ತದೆ? ಸಮುದ್ರದ ಬದಿಗೆ ಬಂದು ಮೀನಿನ ವಾಸನೆ ಬೇಡ ಅಂದ್ರೆ ಆಗ್ತದಾ? ನನ್ನ ಮಡಿ ಬಟ್ಟೆಗೆ ತಾಗದಿದ್ರೆ ಸೈ. ಅದೂ ನಾನು ಕೋಲಲ್ಲಿ ಎತ್ತಿ ಮೇಲಿನ ತಂತಿಗೆ ಹಾಕ್ತೆ. ಅವಳು ಒಂದಿನವೂ ಆ ಕಡೆ ಬರಲಿಲ್ಲ. ಈಗ ಎದುರು ಸಿಕ್ಕಿದ್ರೆ ಮುಖ ತಿರುಗಿಸ್ತಾಳೆ.” ಮಗ ಗ್ರೂಪಿನಲ್ಲಿ ಬರೆದದ್ದು ಅವರಿಗೆ ಗೊತ್ತೇ ಇರಲಿಲ್ಲ. ಅವರ ಫೋನು ಬಟನ್ನಿನದು.

ಆಗ ಶುರುವಾಯಿತು ನನ್ನ ನಿಜವಾದ ಪೇಚಾಟ. ನಾಲ್ಕನೆಯ ಮಹಡಿಗೆ ನನ್ನ ಹೆಂಡತಿಯನ್ನು ಕಳಿಸಿದೆ. ಅವಳು ಒಂದು ಗಂಟೆ ಬಿಟ್ಟು ಬಂದು, ಬಾಗಿಲು ಹಾಕಿ, ಹೇಳಿದಳು: ಹುಡುಗಿಗೆ ಎರಡು ತಿಂಗಳು. ಬೆಳಿಗ್ಗೆಯಿಂದ ವಾಂತಿ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ಊರಿನಿಂದ ಅತ್ತೆಯ ಕಟ್ಟುನಿಟ್ಟು. ಮೇಲಾಗಿ ಒಣಮೀನಿನ ವಿಷಯಕ್ಕೆ ಬಂಗಾಳದಲ್ಲೇ ಎರಡು ಪಂಗಡವಂತೆ, ಪೂರ್ವ ಬಂಗಾಳದ ಮೂಲದವರಿಗೆ ಶುಟ್ಕಿ ಎಂದರೆ ಪ್ರಾಣ, ಪಶ್ಚಿಮದವರಲ್ಲಿ ಬಹಳ ಮಂದಿ ಮೂಗು ಮುಚ್ಚುವವರು. ಇವಳು ಎರಡನೆಯ ಕಡೆಯವಳು. ದಿನಾ ಹಸಿ ಮೀನು ಬೇಕು, ಒಣಮೀನು ಆಗದು. ಮೀನು ತಿನ್ನುವವರು, ತಿನ್ನದವರು ಎಂದು ನಾನು ಕಟ್ಟಿಕೊಂಡಿದ್ದ ಲೆಕ್ಕವೇ ತಪ್ಪಾಗಿತ್ತು.

ಈಗ ನನ್ನ ಕೈಯಲ್ಲಿ ಎರಡು ಸತ್ಯಗಳಿದ್ದವು. ಒಂದನ್ನು ಹೇಳಿದರೆ ಅಮ್ಮನ ಮೇಲಿನ ಅಪವಾದ ಹೋಗುತ್ತದೆ, ಆದರೆ ಒಬ್ಬ ಹುಡುಗಿ ತನ್ನ ಅತ್ತೆಗೆ ಕೊಟ್ಟ ಮಾತು, ತನ್ನ ಹೊಟ್ಟೆಯ ಗುಟ್ಟು 16 ಮನೆಯವರ ನಾಲಿಗೆಗೆ ಬೀಳುತ್ತದೆ. ಹೇಳದಿದ್ದರೆ ಮಾಡದ ತಪ್ಪಿಗೆ 78ರ ಹೆಂಗಸು ಎದುರು ಬಾಗಿಲಿನ ಮೌನ ಅನುಭವಿಸುತ್ತಾರೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಹೆಂಡತಿ ಕೊನೆಗೆ ಅಂದಳು, “ದೂರು ಯಾರದು ಅಂತ ಯಾಕೆ ಹೇಳಬೇಕು? ನೋಟೀಸು ಯಾರದು ಅಂತ ಹೇಳಿ.”

ಮೂರನೆಯ ನೋಟೀಸು ಬರೆದೆ. ಮೊದಲ ನೋಟೀಸಿನ ಒಕ್ಕಣೆ ತಪ್ಪು, ಆ ಮಾತುಗಳು ನನ್ನವು, ಬೇರೆ ಯಾರೂ ಹಾಗೆ ಬರೆಯಲು ಹೇಳಿರಲಿಲ್ಲ, ಶುಚಿತ್ವದ ಪ್ರಶ್ನೆ ಇಲ್ಲಿರಲೇ ಇಲ್ಲ, ಕ್ಷಮೆ ಇರಲಿ ಎಂದು. ಕೆಳಗೆ ‘ಕಾರ್ಯದರ್ಶಿ’ ಎಂದು ಹಾಕದೆ ಹೆಸರನ್ನೇ ಬರೆದೆ. ಆಮೇಲೆ ಬಾಯಿಯ ಮನೆಗೆ ಹೋಗಿ, ದೂರು ಎದುರು ಮನೆಯದ್ದಲ್ಲ, ಯಾರದ್ದೆಂದು ಕೇಳಬೇಡ ಎಂದೆ. ಅವಳು ಪೂರ್ತಿ ನಂಬಲಿಲ್ಲ. “ಮಗ ಬರೆದದ್ದು ಓದಿದ್ದೇನಲ್ಲ,” ಎಂದಳು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಮಗ ಬರೆದದ್ದಂತೂ ನಿಜವೇ.

ಗಾಳಿಯ ಲೆಕ್ಕ

ಪರಿಹಾರ ಹೊಳೆದದ್ದು ನನಗಲ್ಲ. ಟೆರೇಸಿನ ಮೇಲೆ ನಿಂತು, ಮೀನನ್ನು ಬೆಳಿಗ್ಗೆ ಹಾಕಿ ಮಧ್ಯಾಹ್ನ ತೆಗೆದರೆ ಹೇಗೆ ಎಂದು ಏನೇನೋ ಹೇಳುತ್ತಿದ್ದೆ. ಬಾಯಿ ಕೇಳುವಷ್ಟು ಕೇಳಿ, “ಗಾಳಿ ಯಾವ ಕಡೆಯಿಂದ ಅಂತ ನನಗೆ ಕಲಿಸ್ತೀರಾ?” ಎಂದಳು. ಹಗಲು ನೆಲ ಕಾದು ಕಡಲಿನಿಂದ ಗಾಳಿ ಬರುತ್ತದೆ, ರಾತ್ರಿ ನೆಲದಿಂದ ಕಡಲಿಗೆ ತಿರುಗುತ್ತದೆ. ಅವಳ ಮಾವ ಹಾಯಿದೋಣಿಯ ಕಾಲದವರು, ನಸುಕಿನ ಗಾಳಿಗೆ ಹೊರಟು ಮಧ್ಯಾಹ್ನದ ಗಾಳಿಗೆ ಮರಳುತ್ತಿದ್ದವರು. ಅವಳು ಮೀನು ಹರವುತ್ತಿದ್ದುದು ಪಡುವಣ ಅಂಚಿನಲ್ಲಿ, ಅಲ್ಲಿ ಸೂರ್ಯ ಮುಳುಗುವವರೆಗೂ ಬಿಸಿಲು. ಅಲ್ಲಿಂದ ಎದ್ದ ವಾಸನೆ ನೇರ ಮೆಟ್ಟಿಲ ಬಾಗಿಲಿಗೆ ಬಂದು ನಾಲ್ಕನೆಯ ಮಹಡಿಗೆ ಇಳಿಯುತ್ತಿತ್ತು. ಮೂಡಣ ಅಂಚಿಗೆ ಒಯ್ದರೆ ಪಕ್ಕದ ಖಾಲಿ ಜಾಗದ ತೆಂಗಿನ ಮರಗಳ ಮೇಲೆ ಹೋಗುತ್ತದೆ. ಆದರೆ ಅಲ್ಲಿ ಮೂರು ಗಂಟೆಗೆ ನೀರಿನ ಟ್ಯಾಂಕಿನ ನೆರಳು. ಒಂದು ಸುತ್ತಿನ ಮೀನಿಗೆ ಎರಡು ದಿನ ಹೆಚ್ಚು ಬೇಕು.

ಈ ಎರಡು ದಿನದ ನಷ್ಟ ಯಾರದ್ದು? ಬಾಯಿಯದ್ದೇ. ಹೊಂದಾಣಿಕೆ ಎನ್ನುವಾಗ ಒಬ್ಬರೇ ಹೊಂದಿಕೊಳ್ಳುವುದು ನಡೆದುಬಿಡುತ್ತದೆ. ನೆಲದ ಮೇಲೆ ಹರವುವ ಬದಲು ಕಾಲಿನ ಮೇಲೆ ನಿಂತ, ಬಲೆ ಬಿಗಿದ ಚೌಕಟ್ಟಿನಲ್ಲಿ ಒಣಗಿಸಿದರೆ ಅಡಿಯಿಂದಲೂ ಗಾಳಿಯಾಡಿ ಮೀನು ಬೇಗ ಒಣಗುತ್ತದೆ, ಮಣ್ಣೂ ತಾಗುವುದಿಲ್ಲ. ಸಂಘದ ಹಣದಿಂದ ನಾಲ್ಕು ಚೌಕಟ್ಟು ಮಾಡಿಸೋಣ ಎಂದೆ. ಒಬ್ಬರು, ಮೀನಿಗೆ ನಮ್ಮ ದುಡ್ಡೇ ಎಂದರು. ಹಪ್ಪಳಕ್ಕೂ ಎರಡಿದೆ ಎಂದ ಮೇಲೆ ಸುಮ್ಮನಾದರು.

ಅಮ್ಮ ಒಂದು ಶರತ್ತು ಇಟ್ಟರು: ತಮ್ಮ ಎರಡು ಚೌಕಟ್ಟಿಗೆ ಕೆಂಪು ದಾರ ಕಟ್ಟಿರಬೇಕು, ಅದು ಅದಲುಬದಲಾಗಬಾರದು. ನನಗೆ ಅಳುಕಾಯಿತು. ಪಾಠ ಮಾಡಿದಷ್ಟು ವರ್ಷ ಮಕ್ಕಳಿಗೆ ಅಸ್ಪೃಶ್ಯತೆಯ ಬಗ್ಗೆ ಹೇಳಿದವನು, ಕೆಂಪು ದಾರ ಒಪ್ಪಲೇ? ಕೊನೆಗೆ ಒಪ್ಪಿದೆ. ಬೆಂಗಳೂರಿನ ಮಗ ಫೋನು ಮಾಡಿ, ಹಾಗಾದರೆ ಲಿಫ್ಟಿನಲ್ಲಿ ಮೀನು ಬೇಡ ಎನ್ನುವುದನ್ನೂ ಬರೆಯಿರಿ ಎಂದಾಗ ಒಪ್ಪಲಿಲ್ಲ. ತಮ್ಮ ಬಟ್ಟೆ, ತಮ್ಮ ಪಾತ್ರೆ, ತಮ್ಮ ಚೌಕಟ್ಟಿಗೆ ಯಾರು ಯಾವ ಮಡಿ ಬೇಕಾದರೂ ಇಟ್ಟುಕೊಳ್ಳಲಿ, ಅದರ ಕಷ್ಟ ಅವರದೇ. ಇನ್ನೊಬ್ಬರು ನಡೆಯುವ ದಾರಿಗೆ ಮಡಿ ಹಾಕಲು ಬರುವುದಿಲ್ಲ. ಅಂದು ಈ ಮಾತು ಇಷ್ಟು ಸ್ಪಷ್ಟವಾಗಿ ನನ್ನ ನಾಲಿಗೆಗೆ ಬಂದಿರಲಿಲ್ಲ. “ಲಿಫ್ಟಿನ ಕರೆಂಟು ಬಿಲ್ಲು ಅವರೂ ಕಟ್ಟುತ್ತಾರೆ” ಎಂದಷ್ಟೇ ಹೇಳಿದ್ದೆ. ಅವರು ಫೋನು ಇಟ್ಟರು, ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ.

ಆಮೇಲೆ ನೋಡಿದಾಗ

ಇಂಥದ್ದು ಎದುರಾಗುವ ಬೇರೆ ಸಂಘಗಳವರು ಕೇಳಿದರೆ ನಾನು ಮೊದಲು ಹೇಳುವುದು ಆ ಗೇಟಿನ ಬಳಿಯ ಎರಡು ನಿಮಿಷದ ಬಗ್ಗೆ. ಏನು ತೊಂದರೆ, ಯಾವ ಹೊತ್ತಿಗೆ, ಯಾವ ಕಿಟಕಿಯಿಂದ ಎಂದು ಕೇಳಿದ್ದರೆ ಮೂರು ನೋಟೀಸುಗಳ ಜಾಗದಲ್ಲಿ ಒಂದು ಚಾಪೆ ಸರಿಸಿದ್ದರೆ ಮುಗಿಯುತ್ತಿತ್ತು. ಎರಡನೆಯದು, ದೂರು ಕೊಟ್ಟವರ ಹೆಸರು ಮುಚ್ಚಿಡುವಾಗ ಆ ಖಾಲಿ ಜಾಗದಲ್ಲಿ ಜನ ಯಾರ ಹೆಸರು ತುಂಬುತ್ತಾರೆ ಎನ್ನುವುದನ್ನು ನೋಡಿಕೊಳ್ಳಬೇಕು. ನಮ್ಮಲ್ಲಿ ಅದು ಯಾವಾಗಲೂ ಸಿದ್ಧವಾಗಿಯೇ ಇರುತ್ತದೆ. ಮೀನಿನ ತಕರಾರಾದರೆ ಭಟ್ಟರು, ಗದ್ದಲದ ತಕರಾರಾದರೆ ಇನ್ನೊಬ್ಬರು.

ಗುಟ್ಟು ಕಾಪಾಡಿದೆ ಎಂದು ನಾನು ಹೆಮ್ಮೆಪಟ್ಟಿದ್ದು ಮಾತ್ರ ಬಹಳ ದಿನ ಉಳಿಯಲಿಲ್ಲ. ಮೇ ಎರಡನೆಯ ವಾರ ಬಾಯಿ ಶೆಟ್ಲಿಯನ್ನು ಮತ್ತೆ ಬೈತಖೋಲಕ್ಕೇ ಒಯ್ಯುವುದು ಕಂಡಿತು. ಟೆರೇಸಿನಲ್ಲಿ ಬರೀ ಬಂಗಡೆ. ಶೆಟ್ಲಿಯ ವಾಸನೆ ಹೆಚ್ಚು. ಯಾಕೆ ಬಾಯಿ, ಈಗ ಜಾಗ ಇದೆಯಲ್ಲ ಎಂದೆ. “ನಾಲ್ಕನೆ ಮಾಳಿಗೆಯ ಹುಡುಗಿ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತಿದ್ದು ನೋಡಿದೆ. ಮೂರು ಹೆತ್ತವಳು ನಾನು ಮಾಸ್ತರೆ,” ಎಂದಳು. ಯಾರಿಗೂ ಹೇಳಿರಲಿಲ್ಲ. ಹಾಗಿದ್ದೂ ಎದುರು ಬಾಗಿಲಿನವರೊಡನೆ ಮಾತು ಶುರುವಾಗಿರಲಿಲ್ಲ.

ಮೇ ಕೊನೆಗೆ ಒಂದು ಮಧ್ಯಾಹ್ನ ಕಾರಣವಿಲ್ಲದೆ ಆಕಾಶ ಕಪ್ಪಾಯಿತು. ಬಾಯಿ ಪೇಟೆಯಲ್ಲಿದ್ದಳು. ಹಪ್ಪಳ ತೆಗೆಯಲು ಅಮ್ಮ ಮಂಡಿ ಹಿಡಿದುಕೊಂಡು ಟೆರೇಸು ಹತ್ತಿದ್ದರು. ಬಾಯಿ ಆಟೋದಿಂದ ಇಳಿದು ಓಡುತ್ತ ಮೇಲೆ ಬಂದಾಗ ಹನಿ ಶುರುವಾಗಿತ್ತು. ಹಪ್ಪಳದ ಚೌಕಟ್ಟು ಇನ್ನೂ ಬಯಲಲ್ಲೇ ಇತ್ತು. ಅಮ್ಮ ಮೂಡಣ ಅಂಚಿನಲ್ಲಿ ನಿಂತು, ಮಡಿ ಬಟ್ಟೆ ಎತ್ತುವ ಉದ್ದದ ಕೋಲಿನಿಂದ ಟಾರ್ಪಾಲಿನ ಅಂಚು ಸಿಕ್ಕಿಸಿ, ಮೀನಿನ ಮೇಲೆ ಎಳೆಯುತ್ತಿದ್ದರು. ಒಂದು ಮೂಲೆ ಹಾರಿತು, ಮತ್ತೆ ಎಳೆದರು. ಬಾಯಿ ಹೋಗಿ ಹಪ್ಪಳದ ಚೌಕಟ್ಟಿನ ಹತ್ತಿರ ನಿಂತಳು, ಮುಟ್ಟಲಿಲ್ಲ. “ಎತ್ತು, ಎತ್ತು, ನೆನೀತದೆ,” ಎಂದು ಅಮ್ಮ ಅಲ್ಲಿಂದಲೇ ಕೂಗಿದರು. ಎತ್ತಿ ಒಳಗೆ ತಂದಳು.

ಮಳೆ ನಿಂತ ಮೇಲೆ ಅಮ್ಮ ನಲ್ಲಿಯ ಕೆಳಗೆ ಕೋಲನ್ನು ತೊಳೆದರು. ಬಾಯಿ ಇದನ್ನೆಲ್ಲ ನನಗೆ ಹೇಳುವಾಗ ಅದನ್ನೂ ಬಿಡದೆ ಹೇಳಿದಳು.